ಒಂದೇ ಬಟ್ಟೆಯ ಎರಡು ಅಂಗಿ

ಮಾರೇನಹಳ್ಳಿ, ವಿಜಯನಗರ
೧೪ ಸೆಪ್ಟೆಂಬರ್ ೨೦೨೫, ಭಾನುವಾರ ಮಧ್ಯಾಹ್ನ

ಪ್ರೀತಿಯ ಕುಸುಮಕ್ಕ,

ಹೇಗಿದ್ದೀಯ? ಕಾಲಿನ ಊತ ಇಳಿಯಿತಾ? ಎಂಟು ತಿಂಗಳು ತುಂಬಿದ ಮೇಲೆ ಮಗ್ಗುಲು ಬದಲಾಯಿಸುವುದೇ ಕಷ್ಟ ಎಂದು ಅಮ್ಮ ಹೇಳುತ್ತಿದ್ದಳು. ಭಾವನಿಗೆ ಫೋನ್ ಮಾಡಿದಾಗಲೆಲ್ಲ "ಚೆನ್ನಾಗವ್ಳೆ" ಎನ್ನುತ್ತಾರೆ. ಅದಕ್ಕಿಂತ ಹೆಚ್ಚು ಅವರಿಂದ ಯಾವತ್ತೂ ಹೊರಟಿದ್ದಿಲ್ಲ.

ಅಪ್ಪ ಹೋಗಿ ಐದು ವಾರ ದಾಟಿತು. ಇಷ್ಟು ದಿನ ನಿನಗೆ ಒಂದು ಸಾಲೂ ಬರೆಯಲಿಲ್ಲ. ಕ್ಷಮಿಸು ಎಂದರೆ ನೀನು ತಕ್ಷಣ ಕ್ಷಮಿಸಿಬಿಡುತ್ತೀಯ, ಅದಕ್ಕೇ ಬರೆಯಲು ಹೆದರಿಕೆ. ಫೋನಿರುವಾಗ ಕಾಗದ ಯಾಕೆ ಎಂದು ನಿನ್ನ ಅತ್ತೆ ಕೇಳಿದರೆ, ತಮ್ಮನಿಗೆ ತಲೆ ಕೆಟ್ಟಿದೆ ಎಂದುಬಿಡು, ನಂಬುತ್ತಾರೆ. ನಿನ್ನ ಫೋನು ಯಾವಾಗಲೂ ಸ್ಪೀಕರಿನಲ್ಲಿರುತ್ತದೆ. ಇದು ನಿನ್ನ ಅತ್ತೆ, ನಾದಿನಿ ಎಲ್ಲ ಕೂತು ಕೇಳುವ ವಿಷಯವಲ್ಲ. ಪಕ್ಕದ ಮನೆಯ ಚಿಕ್ಕಲಕ್ಷ್ಮಮ್ಮ ಮಂಗಳವಾರ ಮಾಗಡಿಗೆ ಮಗಳ ಮನೆಗೆ ಬರುತ್ತಾರೆ, ಗುರುವಾರ ವಾಪಸಾಗುತ್ತಾರೆ. ನಿನ್ನ ಕೈಗೇ ಕೊಡಬೇಕು ಎಂದು ಹೇಳಿದ್ದೇನೆ. ಪ್ರೆಸ್ಸಿನಲ್ಲಿ ಅಚ್ಚು ಕೆಟ್ಟ ಹಾಳೆಗಳ ಖಾಲಿ ಬೆನ್ನಿನ ಮೇಲೆ ಬರೆಯುತ್ತಿದ್ದೇನೆ. ಇನ್ನೊಂದು ಕಡೆ ಯಾವುದೋ ನರ್ಸರಿ ಶಾಲೆಯ ಜಾಹೀರಾತಿದೆ, ಅದನ್ನು ಓದುತ್ತಾ ಕೂರಬೇಡ.

ಸುತ್ತಿ ಬಳಸಿ ಬರೆಯಲು ನನಗೆ ಬರುವುದಿಲ್ಲ. ಮೊದಲು ಕೂತುಕೋ.

ಅಪ್ಪ ಕೆಂಗೇರಿಯ ದೊಡ್ಡಪ್ಪನ ಜಾಗದಲ್ಲಿ ಇಲ್ಲ. ನಿನಗೆ ಫೋಟೋ ಕಳಿಸಿದ್ದರಲ್ಲ, ಹಾರ ಹಾಕಿದ ಮಣ್ಣಿನ ಗುಡ್ಡೆ, ಅಮ್ಮ ಬಗ್ಗಿ ಹಾಲು ತುಪ್ಪ ಬಿಡುತ್ತಿರುವುದು, ಆ ಗುಡ್ಡೆಯ ಕೆಳಗೆ ಅಪ್ಪ ಇಲ್ಲ. ಅಪ್ಪನ ದೇಹ ಒಂದು ಮೆಡಿಕಲ್ ಕಾಲೇಜಿನಲ್ಲಿದೆ. ದಾನ ಕೊಟ್ಟೆವು. ಬಸುರಿಗೆ ಇದನ್ನೆಲ್ಲ ಹೇಳಕೂಡದು, ಹೆರಿಗೆಯಾಗಲಿ ಎಂದು ಅಮ್ಮ ನನ್ನ ಕೈಲಿ ಆಣೆ ಹಾಕಿಸಿಕೊಂಡಳು. ಆಣೆಯಲ್ಲಿ ನನಗೆ ನಂಬಿಕೆಯಿಲ್ಲ, ನಿನಗೆ ಗೊತ್ತು. ಆದರೂ ಐದು ವಾರ ಅದನ್ನು ಮುರಿಯಲಿಲ್ಲ.

ಈಗ ಮುರಿಯಲೇಬೇಕಾಗಿದೆ. ಇಪ್ಪತ್ತೆರಡನೇ ತಾರೀಖು ಸೋಮವಾರ ಆ ಕಾಲೇಜಿನಲ್ಲಿ ಹೊಸ ಹುಡುಗರಿಗೆ ಕ್ಲಾಸು ಶುರುವಾಗುತ್ತದೆ. ಶುರುವಾದರೆ ಆಮೇಲೆ ಏನೂ ಮಾಡುವಂತಿಲ್ಲ. ಅದಕ್ಕೆ ಮುಂಚೆ, ಅಂದರೆ ಶನಿವಾರದೊಳಗೆ, ಹೆಂಡತಿ ಮತ್ತು ಮಕ್ಕಳು ಎಲ್ಲರೂ ಸಹಿ ಮಾಡಿ ಬರೆದುಕೊಟ್ಟರೆ ಅಪ್ಪನನ್ನು ವಾಪಸು ಕೊಡುತ್ತಾರಂತೆ. ಅಮ್ಮ ಸಹಿ ಹಾಕಿಯಾಯಿತು. ನನ್ನದೂ ನಿನ್ನದೂ ಖಾಲಿ. ಆ ಕಾಗದವನ್ನು ಇದರ ಜೊತೆ ಇಟ್ಟಿದ್ದೇನೆ. ಸಹಿ ಹಾಕು ಎಂದು ಹೇಳುತ್ತಿಲ್ಲ, ಹಾಕಬೇಡ ಎಂದೂ ಅಲ್ಲ. ನಾನು ಏನು ಹೇಳಬೇಕು ಎಂಬುದೇ ನನಗೆ ಗೊತ್ತಾಗುತ್ತಿಲ್ಲ, ಅದಕ್ಕೇ ಈ ಕಾಗದ.

ಮೊದಲಿನಿಂದ ಹೇಳುತ್ತೇನೆ.

ನನ್ನ ಓದೆಲ್ಲ ಪ್ರೆಸ್ಸಿನಲ್ಲಿ ಮಡಚಿದ ಕರಪತ್ರಗಳೇ ತಾನೇ. ಪಿಯುಸಿ ಬಿಟ್ಟ ಮೇಲೆ ನಾನು ಮಡಚದೆ ಓದಿದ್ದು ಏನೂ ಇಲ್ಲ, ಓದದೆ ಮಡಚಿದ್ದೂ ಏನೂ ಇಲ್ಲ. ನಿನ್ನ ಮದುವೆಯಲ್ಲಿ ಸರಳ ವಿವಾಹದ ಕರಪತ್ರ ಹಂಚಿದ್ದೆ, ಭಾವನ ಕಡೆಯವರು ಅದನ್ನು ಊಟದ ಮೆನು ಅಂದುಕೊಂಡು ಹೋಳಿಗೆ ಎಲ್ಲಿ ಎಂದು ಹುಡುಕಿದರು. ಅಪ್ಪ ಆ ಕಥೆಯನ್ನು ಲೇತ್ ಶಾಪಿನಲ್ಲಿ ಎಷ್ಟು ಸಲ ಹೇಳಿದ್ದನೋ. ಹಬ್ಬಕ್ಕೆ ಸಾಲ ಮಾಡಬಾರದು, ಎರಡು ಜೊತೆ ಬಟ್ಟೆ ಸಾಕು, ನಡೆಯಬಲ್ಲ ದೂರಕ್ಕೆ ಬಸ್ಸು ಬೇಡ ಎಂದು ನಾನು ಭಾಷಣ ಮಾಡಿದರೆ ಅಪ್ಪ ಕೇಳುತ್ತಿದ್ದ. ಕೇಳಿ, "ಸರಿ ಕಣೋ, ಆದ್ರೆ ನಾನು ಮೂವತ್ತು ವರ್ಷದಿಂದ ಹಿಂಗೇ ಇದೀನಲ್ಲೋ, ಯಾರೂ ಪೇಪರ್‌ನಾಗೆ ಹಾಕ್ಲಿಲ್ಲ" ಎನ್ನುತ್ತಿದ್ದ. ರಾಜಾಜಿನಗರದ ಶಾಪಿನಿಂದ ಇಲ್ಲಿಯವರೆಗೆ ಅವನು ನಡೆದೇ ಬರುತ್ತಿದ್ದ. ನಾನು ಜೊತೆಗೆ ನಡೆಯಲು ಶುರು ಮಾಡಿದ ಮೇಲೆ ಅದಕ್ಕೆ ಸಿದ್ಧಾಂತ ಎಂದು ಹೆಸರಾಯಿತು.

ದೇಹದಾನದ ಕರಪತ್ರ ನಾನೇ ಎರಡು ಸಾವಿರ ಮಡಚಿದ್ದು. ಹೋದ ವರ್ಷ ಕಾರ್ತಿಕದಲ್ಲಿ. ಮನೆಗೆ ಎರಡು ಪ್ರತಿ ತಂದೆ, ಒಂದು ನನಗೆ, ಒಂದು ಅಪ್ಪನಿಗೆ. ಹೂಳುವುದಕ್ಕೆ ಬೆಂಗಳೂರಿನಲ್ಲಿ ಜಾಗ ಎಲ್ಲಿದೆ, ಸತ್ತ ಮೇಲೂ ಒಬ್ಬ ಮನುಷ್ಯ ಉಪಯೋಗಕ್ಕೆ ಬರಬೇಕು ಎಂದೆಲ್ಲ ಓದಿ ಹೇಳಿದೆ. ಅಪ್ಪ ನಗುತ್ತಲೇ ಸಹಿ ಹಾಕಿದ. ಅಮ್ಮ ಮಾತ್ರ "ಇಬ್ರೂ ಒಂದೇ ಸಲ ಹುಚ್ಚಾಸ್ಪತ್ರೆಗೆ ಸೇರ್ಕೊಳ್ಳಿ, ಅಲ್ಲೂ ಊಟ ಫ್ರೀ" ಎಂದು ಒಳಗೆ ಹೋದಳು.

ಆಗಸ್ಟ್ ಆರು, ಬುಧವಾರ ಬೆಳಿಗ್ಗೆ ಎದೆ ಹಿಡಿದುಕೊಂಡ. ಆಟೋ ತರುವಷ್ಟರಲ್ಲಿ ಮುಗಿದಿತ್ತು. ಇಷ್ಟು ನಿನಗೆ ಗೊತ್ತು. ಗೊತ್ತಿಲ್ಲದ್ದು ಇದು: ನಾನು ಅಳುವುದಕ್ಕೆ ಮುಂಚೆ ಕಾಲೇಜಿಗೆ ಫೋನ್ ಮಾಡಿದೆ. ಕರಪತ್ರದಲ್ಲಿ ಆರು ಗಂಟೆಯೊಳಗೆ ತಿಳಿಸಬೇಕು ಎಂದಿತ್ತು. ಎರಡು ಗಂಟೆಗೆ ಗಾಡಿ ಬಂತು. ಬಂದವರು ಮರ್ಯಾದೆಯಿಂದಲೇ ನಡೆದುಕೊಂಡರು. ನಿನ್ನನ್ನು ಬಸುರಿ ಎಂದು ಭಾವನ ಮನೆಯವರು ಕಳಿಸಲಿಲ್ಲ. ಅದಕ್ಕೆ ಅವತ್ತು ಅವರ ಮೇಲೆ ಕೂಗಾಡಿದೆ, ಮೂಢನಂಬಿಕೆ ಎಂದೆ. ಆದರೆ ನಿನ್ನನ್ನು ಕಳಿಸಿದ್ದರೂ ನೀನು ಬರುವಷ್ಟರಲ್ಲಿ ಗಾಡಿ ಹೋಗಿರುತ್ತಿತ್ತು. ಇದನ್ನು ಯಾರಿಗೂ ಹೇಳಿಲ್ಲ.

ದೊಡ್ಡಪ್ಪ ಕನಕಪುರದ ಕಡೆ ಯಾವುದೋ ಬೀಗರ ಊಟಕ್ಕೆ ಹೋಗಿದ್ದವರು ಸಂಜೆ ಐದಕ್ಕೆ ಬಂದರು. ಕಾರಿನಿಂದ ಇಳಿದವರೇ ಹಾರ ಹಿಡಿದುಕೊಂಡು ಒಳಗೆ ನುಗ್ಗಿದರು. ಚಾಪೆ ಖಾಲಿ.

"ಎಲ್ಲೋ ನನ್ ತಮ್ಮ?"

"ಕಾಲೇಜಿಗೆ ಕೊಟ್ವಿ ದೊಡ್ಡಪ್ಪ."

"ನಾಕ್ನೇ ಕ್ಲಾಸಿಗೆ ಸ್ಕೂಲ್ ಬಿಟ್ಟೋನ್ನ ಈಗ ಯಾವ ಕಾಲೇಜಿಗೋ ಸೇರಿಸ್ದೆ?"

ಯಾರೋ ಹಿಂದಿನಿಂದ ಬಿಡಿಸಿ ಹೇಳಿದರು. ದೊಡ್ಡಪ್ಪ ಹಾರವನ್ನು ಎಲ್ಲಿಡುವುದೆಂದು ತಿಳಿಯದೆ ಕೈಯಲ್ಲೇ ಹಿಡಿದು ನಿಂತುಬಿಟ್ಟರು. ಆಮೇಲೆ ಶುರುವಾಯಿತು. "ತಮಟೆಯೋರ್ ಖರ್ಚಿಲ್ಲ, ಚಟ್ಟದ್ ಖರ್ಚಿಲ್ಲ, ಊಟದ್ ಖರ್ಚಿಲ್ಲ. ಎಂಥಾ ಉಳಿತಾಯ ಮಾಡ್ದಲ್ಲೋ ಮಗ್ನೇ! ಅಪ್ಪನ್ನ ಬಿಟ್ಟಿ ಸಾಗಿಸ್ಬಿಟ್ಟೆ. ನನ್ನ ಕೇಳಿದ್ರೆ ಕೊಡ್ತಿರ್ಲಿಲ್ವೇನೋ?" ನಾನೂ ಬಿಡಲಿಲ್ಲ. ಲೇಔಟಿಗೆ ಜಮೀನು ಮಾರಿದವರಿಗೆ ಸಾವೂ ಒಂದು ಮೆರವಣಿಗೆ ಎಂದೆ, ತಮ್ಮ ಬದುಕಿದ್ದಾಗ ಬಾರದವರು ಹೂವು ಹಿಡಿದು ಬಂದಿದ್ದೀರಿ ಎಂದೆ. ಕರಪತ್ರದ ಮಾತುಗಳು ಬಾಯಿಗೆ ತಾವಾಗಿಯೇ ಬರುತ್ತಿದ್ದವು. ಆದರೆ ನಿನಗೆ ಹೇಳುತ್ತೇನೆ, ಗಾಡಿ ತಿರುವು ದಾಟಿ ಹೋದ ಮೇಲೆ, ಸದ್ಯ ಯಾರ ಮುಂದೆಯೂ ಕೈ ಚಾಚಬೇಕಾಗಲಿಲ್ಲ ಎಂದು ಒಂದು ಗಳಿಗೆ ನನಗೂ ಅನಿಸಿತ್ತು. ಅದು ಸಿದ್ಧಾಂತವೋ ಬಡತನವೋ, ಈಗಲೂ ಬೇರೆ ಮಾಡಲಾಗುತ್ತಿಲ್ಲ.

ಮಾರನೇ ದಿನ ದೊಡ್ಡಪ್ಪ ಮತ್ತೆ ಬಂದರು. ಈ ಸಲ ನನ್ನ ಜೊತೆ ಮಾತಿಲ್ಲ, ಅಮ್ಮನ ಜೊತೆ. "ಮುನಿತಾಯಮ್ಮ, ನಾಡಿದ್ದು ಹಾಲುತುಪ್ಪಕ್ಕೆ ನೂರ್ ಜನ ಬತ್ತಾರೆ. ಏನ್ ತೋರಿಸ್ಲಿ? ಆ ಕಾಲೇಜ್‌ನೋರು ಕೊಟ್ಟ ಸರ್ಟಿಫಿಕೇಟ್ ತೋರಿಸ್ಲಾ? ಅದ್ರ ಮ್ಯಾಲೆ ಹಾಲು ಬಿಡ್ಲಾ?" ತಾತ, ಅಜ್ಜಿ ಮಲಗಿರುವ ಜಾಗದ ಪಕ್ಕ ಗುಣಿ ತೆಗೆಸಿದ್ದೇನೆ, ಅವನು ಉಟ್ಟ ಬಟ್ಟೆಯಾದರೂ ಕೊಡು ಎಂದರು. ಅಮ್ಮ ಗೋಡೆಯ ಮೊಳೆಯಿಂದ ಒಂದು ಅಂಗಿ, ಹಗ್ಗದ ಮೇಲಿಂದ ಒಂದು ಪಂಚೆ ತೆಗೆದುಕೊಟ್ಟಳು. ನಾನು ಬಾಗಿಲಲ್ಲೇ ನಿಂತಿದ್ದೆ. ಬಟ್ಟೆಗೆ ಸಮಾಧಿ ಕಟ್ಟುವ ನಾಟಕಕ್ಕೆ ನಾನು ಬರುವುದಿಲ್ಲ ಎಂದು ಹೇಳಿ ಪ್ರೆಸ್ಸಿಗೆ ಹೋದೆ. ಅವರು ಅದನ್ನೇ ಹೂತು, ಅದರ ಮೇಲೆ ಹಾಲು ತುಪ್ಪ ಬಿಟ್ಟು, ಫೋಟೋ ತೆಗೆದು ನಿನಗೆ ಕಳಿಸಿದರು.

ಆಮೇಲೆ ಒಂದಷ್ಟು ದಿನ ನೆಮ್ಮದಿ ಇತ್ತು, ನೆಮ್ಮದಿ ಎನ್ನಬಹುದಾದರೆ. ಅಮ್ಮ ಊದುಬತ್ತಿ ಹೊಸೆಯುತ್ತಾಳೆ, ನಾನು ಪ್ರೆಸ್ಸಿಗೆ ಹೋಗುತ್ತೇನೆ. ಅರ್ಧ ಲೀಟರು ಹಾಲು ಇಬ್ಬರಿಗೆ ಹೆಚ್ಚು, ಕಾಲು ಲೀಟರಿನ ಪ್ಯಾಕೆಟ್ಟು ತರಲು ಅಮ್ಮನಿಗೆ ಮನಸ್ಸಿಲ್ಲ. ಮಿಕ್ಕಿದ್ದನ್ನು ಹೆಪ್ಪು ಹಾಕುತ್ತಾಳೆ. ಮನೆ ತುಂಬ ಮೊಸರು. ಮೂರು ಹೊತ್ತೂ ಮೊಸರನ್ನ. ವೇಸ್ಟ್ ಮಾಡಬಾರದಲ್ಲ, ಅದಕ್ಕೆ. ಅಪ್ಪನ ಫೋನಿಗೆ ಕರೆನ್ಸಿ ಮುಗಿದಿದೆ ಎಂದು ಮೆಸೇಜು ಬಂತು. ಯಾರಿಗೆ ಬೇಕು ಎಂದುಕೊಂಡೆ. ಸಂಜೆ ಹಾಕಿಸಿಕೊಂಡು ಬಂದೆ.

ತಿಥಿ ಕಳೆದ ಸೋಮವಾರ ಪ್ರೆಸ್ಸಿಗೆ ಹೊರಟಿದ್ದೆ. ನೀಲಿ ಗೆರೆಯ ಶರ್ಟು ನೆನಪಿದೆಯಲ್ಲ? ಹೋದ ಆಯುಧಪೂಜೆಗೆ ಶಾಪಿನ ಸಾಹುಕಾರ್ರು ಅಪ್ಪನಿಗೆ ಬಟ್ಟೆ ಕೊಟ್ಟಿದ್ದರು. ಅದರಲ್ಲೇ ಅಪ್ಪನಿಗೊಂದು ನನಗೊಂದು ಹೊಲಿಸಿದ್ದೆವು. ಟೈಲರು "ಎರಡಕ್ಕೆ ಸಾಲಲ್ಲ" ಎಂದರೆ, ಅಪ್ಪ "ಜೇಬು ಬೇಡ ಬಿಡು, ಇಬ್ರ ಹತ್ರಾನೂ ಜೇಬಿಗೆ ಹಾಕೋ ಅಂಥದ್ದೇನೂ ಇಲ್ಲ" ಎಂದಿದ್ದ. ಆ ಶರ್ಟು ಹಾಕಿಕೊಂಡೆ. ಹೆಗಲು ಜೋತುಬಿತ್ತು, ತೋಳು ಬೆರಳಿನ ತನಕ ಬಂತು. ಹೊಟ್ಟೆಯ ಹತ್ತಿರ ಲೇತಿನ ಎಣ್ಣೆಯ ಕಲೆ.

"ಅಮ್ಮಾ, ಇದು ಅಪ್ಪಂದು. ನಂದೆಲ್ಲಿ?"

ಅಮ್ಮ ಊದುಬತ್ತಿಯ ಹಲಗೆ ಬಿಟ್ಟು ಎದ್ದಳು. ನನ್ನನ್ನು ನೋಡಿದಳು, ಮೊಳೆ ನೋಡಿದಳು. ಮುಖ ಬಿಳಿಚಿಕೊಂಡಿತು. "ಬಿಚ್ಚೋ ಅದನ್ನ. ಬಿಚ್ಚು. ಅಯ್ಯೋ, ನಿಂದು ಕೊಟ್ಬಿಟ್ನಾ? ನನ್ ಕಣ್ ಇಂಗೋಗ, ನನ್ ಮಗನ್ ಶರ್ಟು ಗುಣಿಗೆ ಹಾಕ್ಬಿಟ್ನಾ?"

ನಾನು ನಕ್ಕೆ, ಅಕ್ಕ. ಹತ್ತಿ ಬಟ್ಟೆ, ಮಣ್ಣಿನಲ್ಲಿ ಕೊಳೆಯುತ್ತದೆ, ಅಷ್ಟೇ ಎಂದೆ.

"ಒಗ್ದಿರ್ಲಿಲ್ಲ ಕಣೋ ಅದು. ನಿನ್ ಬೆವ್ರಿತ್ತು ಅದ್ರಲ್ಲಿ. ಬದುಕಿರೋರ್ ಬೆವ್ರನ್ನ ಮಣ್ಣಿಗೆ ಹಾಕಿ, ನಾನೇ ಮೇಲೆ ಹಾಲು ಬಿಟ್ಟು ಬಂದ್ನಲ್ಲೋ!"

ಅವತ್ತಿನಿಂದ ಅಮ್ಮ ಅಮ್ಮನಾಗಿಲ್ಲ. ಹನ್ನೊಂದು ಗಂಟೆಗೆ ಪ್ರೆಸ್ಸಿಗೆ ಫೋನ್ ಮಾಡಿ "ಊಟ ಆಯ್ತಾ" ಎನ್ನುತ್ತಾಳೆ. ಹನ್ನೊಂದಕ್ಕೆ ಯಾರು ಊಟ ಮಾಡುತ್ತಾರೆ? ನನ್ನ ದನಿ ಕೇಳಬೇಕು ಅಷ್ಟೇ. ಮಧ್ಯೆ ಎರಡು ದಿನ ನನಗೆ ಜ್ವರ ಬಂತು. ವಿಜಯನಗರದಲ್ಲಿ ಮನೆಗೊಬ್ಬರಿಗೆ ಬಂದಿತ್ತು, ಓನರ್ ಆಂಟಿಗೂ ಬಂದಿತ್ತು. ಅಮ್ಮ ಮಾತ್ರ ನನ್ನ ಪಾದ ಹಿಡಿದುಕೊಂಡೇ ಕೂತಿದ್ದಳು. ನಡಿ, ಹೋಗಿ ಅಗೆದು ಆ ಅಂಗಿ ತೆಗೆದುಬಿಡೋಣ, ಎಲ್ಲ ಸರಿಯಾಗುತ್ತಲ್ಲ ಎಂದೆ. ಹಾಲುತುಪ್ಪ ಕಂಡ ಗುಣಿಯನ್ನು ಖಾಲಿ ಬಿಡಬಾರದಂತೆ, ಬಿಟ್ಟರೆ ಅಂಗಿ ತೊಟ್ಟವನನ್ನೇ ಕೇಳುತ್ತದಂತೆ. "ಅದ್ಕೆ ಅದ್ರ ಯಜಮಾನನ್ನ ತಂದ್ ಕೊಡು. ಆಮೇಲೆ ಅದು ನಿನ್ ತಂಟೆಗೆ ಬರಲ್ಲ. ಮಹಾಲಯ ಅಮಾವಾಸ್ಯೆ ಒಳಗೆ ತಂದ್ಬಿಡು ಯೋಗಿ. ನಾನು ಇನ್ನೇನೂ ಕೇಳಲ್ಲ ನಿನ್ನ."

ಇದಕ್ಕೆ ಹೇಗೆ ಒಪ್ಪಲಿ ಹೇಳು. ಇಷ್ಟು ವರ್ಷ ಯಾವುದನ್ನು ಬೈದುಕೊಂಡು ಓಡಾಡಿದೆನೋ ಅದು ಇದೇ ತಾನೇ. ದೊಡ್ಡಪ್ಪನ ಜೊತೆ ಜಗಳವಾಡುವುದು ಸುಲಭವಿತ್ತು. ಈಗ ಅವರೂ ಮೆತ್ತಗಾಗಿದ್ದಾರೆ. ಮೊನ್ನೆ ಒಬ್ಬರೇ ಬಂದು ಮೆಟ್ಟಿಲ ಮೇಲೆ ಕೂತರು. "ಊಟ ಗೀಟ ಏನೂ ಬ್ಯಾಡ. ಫ್ಲೆಕ್ಸೂ ಬ್ಯಾಡ. ನೀನು ಹೇಳ್ದಂಗೇ ಆಗ್ಲಿ. ತಮ್ಮ ಬಂದ್ರೆ ಸಾಕು ಕಣೋ" ಎಂದರು. ನಾನು ಬೈಯಲು ಸಿದ್ಧನಾಗಿದ್ದೆ, ಬೈಯುವುದಕ್ಕೆ ಏನೂ ಉಳಿಯಲಿಲ್ಲ. ಚಹಾ ಕೊಟ್ಟೆ, ಕುಡಿದು ಹೋದರು.

ಕಾಲೇಜಿಗೆ ಹೋಗಿದ್ದೆ. ದೇಹದಾನ ನೋಡಿಕೊಳ್ಳುವ ವಿಭಾಗದ ಮೇಡಂ ಕೂರಿಸಿ ಮಾತಾಡಿದರು. ಬೈಯುತ್ತಾರೆ ಎಂದುಕೊಂಡಿದ್ದೆ, ಬೈಯಲಿಲ್ಲ. "ವಾಪಸು ಕೇಳೋದು ತಪ್ಪೇನಲ್ಲ. ಮನೆಯವರೆಲ್ಲ ಒಪ್ಪಿ ಬನ್ನಿ. ಮುಖ ನೋಡಬಹುದು, ಏನೂ ಆಗಿಲ್ಲ" ಎಂದರು. ಆಮೇಲೆ ಮೊದಲ ದಿನದ ವಿಷಯ ಹೇಳಿದರು. ಹುಡುಗರೆಲ್ಲ ಹೂವು ಇಟ್ಟು, ಸುತ್ತ ನಿಂತು, ಮರ್ಯಾದೆಯಿಂದ ಕಲಿಯುತ್ತೇವೆ ಎಂದು ಪ್ರತಿಜ್ಞೆ ಮಾಡುತ್ತಾರಂತೆ. ಅಪ್ಪನ ಮುಂದೆ ಅಷ್ಟು ಜನ ಓದಿದವರು ಕೈಮುಗಿದು ನಿಲ್ಲುವುದನ್ನು ಯೋಚಿಸು. ಮೂವತ್ತೊಂದು ವರ್ಷ ಲೇತಿನ ಮುಂದೆ ನಿಂತವನನ್ನು ಯಾರಾದರೂ "ಸಾರ್" ಎಂದಿದ್ದರಾ? ಹೊರಗೆ ಬಂದು ಬಸ್ ಸ್ಟಾಪಿನಲ್ಲಿ ಕೂತೆ, ಯಾವ ಬಸ್ಸೂ ಹತ್ತಲಿಲ್ಲ. ಇಲ್ಲೇ ಇರಲಿ ಅನಿಸಿತು. ಮನೆಗೆ ಬಂದು ಅಮ್ಮನ ಮುಖ ನೋಡಿದೆ, ತಂದುಬಿಡೋಣ ಅನಿಸಿತು. ಊಟಕ್ಕೆ ಕೂತಾಗ, ತಂದರೆ ನಾನು ಇಷ್ಟು ದಿನ ಹೇಳಿದ್ದೆಲ್ಲ ಸುಳ್ಳಾಗುತ್ತದಲ್ಲ ಅನಿಸಿತು. ಹಾಗೆ ಅನಿಸಿದ್ದಕ್ಕೆ ನಾಚಿಕೆಯೂ ಆಯಿತು. ಅಪ್ಪನ ವಿಷಯದಲ್ಲಿ ನನ್ನ ಮಾತು ಉಳಿಯುವುದು ಎಲ್ಲಿಂದ ಬಂತು?

ಬಸವಕಿರಣನನ್ನೂ ಕೇಳಿದೆ, ಪ್ರೆಸ್ಸಿನಲ್ಲಿ ನನ್ನ ಜೊತೆ ಇದ್ದಾನಲ್ಲ, ನಿನಗೆ ಗೊತ್ತು. "ಮಗಾ, ಒಂದ್ ಸಲ ಕೊಟ್ಟಿದ್ದನ್ನ ವಾಪಸ್ ಕೇಳಿದ್ರೆ ಅದನ್ನ ದಾನ ಅಂತಾರಾ?" ಎಂದ. ಸರಿ ಎನಿಸಿತು. ಐದು ನಿಮಿಷ ಬಿಟ್ಟು ಅವನೇ, "ಆದ್ರೆ ನಮ್ಮಮ್ಮ ಹಂಗೆ ಕೂತ್ಬಿಟ್ರೆ ನಾನಂತೂ ತಂದ್ಬಿಡ್ತಿದ್ದೆ ಗುರು" ಎಂದ. ಅದೂ ಸರಿಯೇ. ಎರಡಕ್ಕೂ ಹೂಂ ಎಂದು ಕಾಗದ ಮಡಚುತ್ತಾ ಕೂತೆ.

ಅಕ್ಕ, ನೀನು ಅಪ್ಪನ ಮುಖ ನೋಡಿಲ್ಲ. ವಾಪಸು ತಂದರೆ ನೋಡಬಹುದು. ಭಾವನ ಮನೆಯವರು ಮತ್ತೆ ಬೇಡ ಎಂದರೆ ನಾನೇ ಮಾಗಡಿಗೆ ಬಂದು ಜಗಳವಾಡಿ ಕರೆದುಕೊಂಡು ಬರುತ್ತೇನೆ, ಅದಕ್ಕೆ ಮಾತ್ರ ನನಗೆ ಗೊಂದಲವಿಲ್ಲ. ಆದರೆ ಅದಕ್ಕಾಗಿಯೇ ಸಹಿ ಹಾಕಬೇಡ. ಅಪ್ಪ ಅಲ್ಲಿದ್ದರೆ ಒಳ್ಳೆಯದು ಎಂದು ಅನಿಸಿದರೆ ಜಾಗ ಖಾಲಿ ಬಿಟ್ಟು ಕಳಿಸು. ಅಮ್ಮನಿಗೆ ನಾನು ಹೇಗೋ ಹೇಳಿಕೊಳ್ಳುತ್ತೇನೆ. ನಿನ್ನ ಮೇಲೆ ಭಾರ ಹಾಕಿ ನಾನು ತಪ್ಪಿಸಿಕೊಳ್ಳುತ್ತಿದ್ದೇನೆ ಎಂದು ಬೈದರೂ ಸರಿ. ಇಷ್ಟು ದಿನ ಎಲ್ಲರಿಗೂ ದಾರಿ ಹೇಳುತ್ತಿದ್ದವನು ನಾನು. ಈಗ ಯಾರಾದರೂ ಹೇಳಲಿ ಎಂದು ಕಾಯುತ್ತಿದ್ದೇನೆ.

ಹುಷಾರು. ತುಂಬ ಹೊತ್ತು ನಿಲ್ಲಬೇಡ, ಅಳಬೇಕು ಅನಿಸಿದರೆ ಅತ್ತುಬಿಡು, ಅದರಿಂದ ಮಗುವಿಗೆ ಏನೂ ಆಗುವುದಿಲ್ಲ. ಇದನ್ನು ಯಾವ ಕರಪತ್ರದಲ್ಲೂ ಓದಿಲ್ಲ, ಹಾಗೆಂದು ನಂಬಿದ್ದೇನೆ. ಚಿಕ್ಕಲಕ್ಷ್ಮಮ್ಮನ ಕೈಲಿ ಒಂದು ಡಬ್ಬಿ ಮೆಂತ್ಯದ ಹಿಟ್ಟು ಕಳಿಸಿದ್ದಾಳೆ ಅಮ್ಮ. ನೀನು ದೊಡ್ಡವಳು, ನನಗೆ ಆಶೀರ್ವಾದ ಮಾಡು. ಹೊಟ್ಟೆಯೊಳಗಿರುವವರಿಗೆ ಮಾವ ಕೇಳಿದ ಎಂದು ಹೇಳು.

ನಿನ್ನ ತಮ್ಮ,
ಯೋಗಿ

ತಾ.ಕ.: ಕವರಿಗೆ ಹಾಕಿದ್ದವನು ಮತ್ತೆ ಬಿಚ್ಚಿದೆ. ಮೇಲೆ ಅಪ್ಪ ನಗುತ್ತಲೇ ಸಹಿ ಹಾಕಿದ ಎಂದು ಬರೆದಿದ್ದೇನೆ. ಅದು ಪೂರ್ತಿ ನಿಜವಲ್ಲ. ಅಮ್ಮ ಒಳಗೆ ಹೋದ ಮೇಲೆ ಅಪ್ಪ ಪೆನ್ನು ಹಿಡಿದುಕೊಂಡು ಸುಮ್ಮನೆ ಕೂತಿದ್ದ. ಆಮೇಲೆ ದನಿ ತಗ್ಗಿಸಿ ಕೇಳಿದ, "ಯೋಗಿ, ಕುಯ್ಯೋವಾಗ ನೋವಾಗಲ್ಲ ಅಲ್ವೇನೋ?" ನಾನು ಜೋರಾಗಿ ನಕ್ಕುಬಿಟ್ಟೆ. ನರ, ಮೆದುಳು, ರಕ್ತ ಎಂದು ಹತ್ತು ನಿಮಿಷ ವಿವರಿಸಿದೆ. ನಾನು ನಗುತ್ತಿದ್ದೆನಲ್ಲ, ಅವನೂ ನಕ್ಕ. "ಅದೂ ಸರಿ ಬಿಡು, ದಡ್ಡ ನಾನು" ಎಂದು ಸಹಿ ಹಾಕಿದ. ಅವನು ಹೆದರಿದ್ದ, ಅಕ್ಕ. ಮನೆಯಲ್ಲಿ ಅದನ್ನು ಕೇಳಬಹುದಾದವನು ನಾನೊಬ್ಬನೇ ಎಂದು ನನ್ನನ್ನು ಕೇಳಿದ್ದ.

ಇದನ್ನು ಬರೆದು ಮುಗಿಸಿ, ಅಪ್ಪನನ್ನು ವಾಪಸು ಕೇಳುವ ಆ ಕಾಗದಕ್ಕೆ ನನ್ನ ಸಹಿ ಹಾಕಿದೆ. ಅಮ್ಮ ನೋಡಿದಳು. "ಶರ್ಟಿನ್ ವಿಷ್ಯ ಕೊನೆಗೂ ನಂಬಿದ್ಯಲ್ಲಪ್ಪ" ಎಂದು ನನ್ನ ತಲೆ ಸವರಿದಳು. ನಂಬಿದೆ ಅಮ್ಮ ಎಂದೆ. ಅವಳಿಗೆ ಅಷ್ಟೇ ಗೊತ್ತಿರಲಿ.